ಹತ್ತು ದೇಶ ಬೇಡ, ಮೊರಾವಿಯಾ ಒಂದೇ ಸಾಕು

ಯುರೋಪ್ ಪ್ರವಾಸವೆಂದರೆ ನಮ್ಮಲ್ಲಿ ಈಗಲೂ ಹದಿನೈದು ದಿನಕ್ಕೆ ಎಂಟೊಂಬತ್ತು ದೇಶ. ಪ್ಯಾರಿಸ್, ಆಮ್‌ಸ್ಟರ್‌ಡಾಮ್, ಸ್ವಿಟ್ಜರ್ಲೆಂಡಿನ ಹಿಮ, ವೆನಿಸ್ಸಿನ ದೋಣಿ ಎಲ್ಲ ಮುಗಿಸಿ ರೋಮಿನಲ್ಲಿ ವಿಮಾನ ಹತ್ತಬೇಕು. ಬೆನ್ನಿಗೆ ಚೀಲ ಏರಿಸಿಕೊಂಡು ಸ್ವಂತವಾಗಿ ಹೊರಡುವ ಯುವಕ ಯುವತಿಯರೂ ಬಹುಪಾಲು ಇದೇ ಪಟ್ಟಿ ಹಿಡಿಯುತ್ತಾರೆ. ಹೋಟೆಲಿನ ಜಾಗದಲ್ಲಿ ಹಾಸ್ಟೆಲ್, ಟೂರ್ ಬಸ್ಸಿನ ಜಾಗದಲ್ಲಿ ರಾತ್ರಿ ಬಸ್ಸು, ಅಷ್ಟೇ ವ್ಯತ್ಯಾಸ. ಮೈ ದಣಿದಷ್ಟು ದುಡ್ಡು ಉಳಿಯುವುದಿಲ್ಲ. ಏಕೆಂದರೆ ಯುರೋಪಿನಲ್ಲಿ ಜೇಬು ಖಾಲಿಯಾಗುವುದು ರಾಜಧಾನಿಯಿಂದ ರಾಜಧಾನಿಗೆ ಜಿಗಿಯುವಾಗ. ಅಗ್ಗದ ವಿಮಾನದ ಟಿಕೆಟ್ಟಿಗಿಂತ ಎಷ್ಟೋ ಸಲ ಚೀಲದ ಶುಲ್ಕವೇ ಹೆಚ್ಚಾಗುತ್ತದೆ. ಇಳಿಯುವ ವಿಮಾನ ನಿಲ್ದಾಣ ಊರಿನಿಂದ ದೂರವಿರುತ್ತದೆ. ಕೊನೇ ಗಳಿಗೆಯಲ್ಲಿ ಕೊಂಡ ವೇಗದ ರೈಲಿನ ಟಿಕೆಟ್ಟು ಎರಡು ದಿನದ ಊಟ ವಸತಿಯ ಹಣವನ್ನು ನುಂಗಿಬಿಡುತ್ತದೆ.

ಕಡಿಮೆ ಖರ್ಚಿನಲ್ಲಿ ಯುರೋಪ್ ನೋಡಬೇಕೆನ್ನುವವರಿಗೆ ನಾನು ಹೇಳುವುದು ಒಂದೇ ಮಾತು. ದೇಶ ಎಣಿಸುವುದನ್ನು ಬಿಡಿ, ಒಂದು ಸೀಮೆ ಹಿಡಿಯಿರಿ. ಅಲ್ಲಿನ ನಾಲ್ಕೈದು ಸಣ್ಣ ಊರುಗಳಲ್ಲಿ ಎರಡೆರಡು, ಮೂರುಮೂರು ರಾತ್ರಿ ಉಳಿಯಿರಿ. ಉದಾಹರಣೆಗೆ ಮೊರಾವಿಯಾ. ಇದು ಜೆಕ್ ಗಣರಾಜ್ಯದ ಪೂರ್ವಭಾಗ. ಪ್ರಾಗ್ ಇರುವ ಬೊಹೀಮಿಯಾಕ್ಕೂ ಸ್ಲೊವಾಕಿಯಾಕ್ಕೂ ನಡುವೆ ಇದೆ. ಮುಖ್ಯ ನಗರ ಬರ್ನೊ. ಆಸ್ಟ್ರಿಯಾದ ವಿಯೆನ್ನಾದಿಂದ ಬರ್ನೊಗೆ ರೈಲಿನಲ್ಲಿ ಒಂದೂವರೆ ತಾಸು. ಪ್ರಾಗ್‌ನಿಂದ ಬಂದರೆ ಎರಡೂವರೆ ತಾಸು. ಹಾಗಾಗಿ ವಿಯೆನ್ನಾಕ್ಕೆ ಅಗ್ಗದ ವಿಮಾನ ಸಿಕ್ಕರೆ ಪ್ರಾಗ್‌ಗೆ ಹೋಗಿ ತಿರುಗಿ ಬರುವ ಪ್ರಮೇಯವೇ ಇಲ್ಲ.

ಸಣ್ಣ ಊರು ಎಂದ ಮಾತ್ರಕ್ಕೆ ಎಲ್ಲವೂ ಅಗ್ಗ, ಎಲ್ಲವೂ ಶಾಂತ ಎಂದುಕೊಳ್ಳಬಾರದು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಸರೋವರದ ದಂಡೆಯ ಊರಿನಲ್ಲಿ ಇರುವವರು ಸುಮಾರು 750 ಮಂದಿ. ಜನಜಂಗುಳಿಯ ದಿನಗಳಲ್ಲಿ ಅಲ್ಲಿಗೆ ಹತ್ತು ಸಾವಿರದವರೆಗೂ ಪ್ರವಾಸಿಗರು ಬರುತ್ತಾರೆ. 2023ರ ಆಗಸ್ಟಿನಲ್ಲಿ ಊರಿನವರು ಬೇಸತ್ತು ರಸ್ತೆಗಿಳಿದು ಪ್ರತಿಭಟಿಸಿದರು. ಜೆಕ್ ದೇಶದ್ದೇ ಆದ ಚೆಸ್ಕಿ ಕ್ರುಮ್ಲೊವ್ ಕೂಡ ಬೇಸಿಗೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬುತ್ತದೆ. ಇಂಥ ಕಡೆ ಬಸ್ಸಿನಲ್ಲಿ ಬಂದವರು ಮೂರು ತಾಸು ಸುತ್ತಾಡಿ, ಫೋಟೊ ತೆಗೆದು, ಒಂದು ಐಸ್‌ಕ್ರೀಮ್ ತಿಂದು ಹೊರಟುಹೋಗುತ್ತಾರೆ. ಊರಿಗೆ ಉಳಿಯುವುದು ಕಸ ಮತ್ತು ಏರಿದ ಬಾಡಿಗೆ. ರಾತ್ರಿ ತಂಗುವವರು ಬೇಕರಿಗೆ, ಪೆನ್ಸಿಯೊನ್ ಎಂಬ ಸಣ್ಣ ವಸತಿಗೃಹಕ್ಕೆ, ಊಟದ ಮನೆಗೆ, ಹಳ್ಳಿ ಬಸ್ಸಿಗೆ ದುಡ್ಡು ಕೊಡುತ್ತಾರೆ. ಕಡಿಮೆ ಖರ್ಚಿನ ಪ್ರವಾಸಿ ಊರಿಗೆ ಭಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಟೆಲ್ಚ್‌ನಿಂದ ಶುರುಮಾಡಿ. ಜನಸಂಖ್ಯೆ ಐದು ಸಾವಿರ ಚಿಲ್ಲರೆ. ಊರಿನ ನಡುವೆ ಉದ್ದನೆಯ ಚೌಕ, ಸುತ್ತ ಕೆರೆಗಳು. ಈ ಕೆರೆಗಳೇ ಒಂದು ಕಾಲದಲ್ಲಿ ಊರಿನ ಕಂದಕವಾಗಿದ್ದವು. 1530ರಲ್ಲಿ ಬೆಂಕಿ ಬಿದ್ದು ಚೌಕದ ಮನೆಗಳೆಲ್ಲ ಸುಟ್ಟವು. ಆಮೇಲೆ ಊರಿನ ಒಡೆಯನಾದ ಜಖಾರಿಯಾಶ್ ಇಟಲಿಗೆ ಹೋಗಿ ಬಂದವನು. ಅಲ್ಲಿ ಕಂಡ ಕಟ್ಟಡಗಳ ಗುಂಗಿನಲ್ಲಿ ಇಟಲಿಯ ಕುಶಲಕರ್ಮಿಗಳನ್ನು ಕರೆಸಿ ತನ್ನ ಹಳೆಯ ಗಾಥಿಕ್ ಕೋಟೆಯನ್ನು ಅರಮನೆಯಾಗಿ ಬದಲಿಸಿದ. ಒಡೆಯನ ಮನೆ ಬದಲಾದ ಮೇಲೆ ವರ್ತಕರು ಸುಮ್ಮನಿರುತ್ತಾರೆಯೇ? ಅವರೂ ತಮ್ಮ ಮನೆಗಳ ಮುಂಗಟ್ಟನ್ನು ಅದೇ ಶೈಲಿಯಲ್ಲಿ ಕಟ್ಟಿಸಿಕೊಂಡರು. ಪ್ರತಿ ಮನೆಯ ಮುಂದೆ ಕಮಾನಿನ ಜಗಲಿ. ಒಂದು ಮನೆಯ ಜಗಲಿ ಇನ್ನೊಂದಕ್ಕೆ ಸೇರಿ, ಮಳೆ ಬಂದರೂ ನೆನೆಯದೆ ಚೌಕವನ್ನು ಸುತ್ತಬಹುದು. 1992ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಮನೆಗಳನ್ನು ಹತ್ತಿರದಿಂದ ನೋಡಲು ಹಣ ಬೇಕಿಲ್ಲ, ಹೊತ್ತು ಬೇಕು. ಮುಂಗಟ್ಟಿನ ಅಗಲ ತೀರಾ ಕಿರಿದು, ಒಳಕ್ಕೆ ಮಾತ್ರ ಉದ್ದ. ತೆಳು ಹಳದಿ, ಗುಲಾಬಿ, ನಸುಹಸಿರು ಬಣ್ಣದ ಗೋಡೆಗಳ ನೆತ್ತಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಆಕಾರದ ಶಿಖರ. ಕೆಲವು ಮನೆಗಳ ಗೋಡೆಯಲ್ಲಿ ಸ್ಗ್ರಾಫಿಟೊ ಕೆಲಸವಿದೆ. ಕೆಳಗೆ ಗಾಢ ಬಣ್ಣದ ಗಾರೆ, ಅದರ ಮೇಲೆ ಬಿಳಿ ಸುಣ್ಣದ ತೆಳು ಗಾರೆ. ಮೇಲಿನ ಪದರ ಹಸಿಯಾಗಿರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆದು ಚಿತ್ರ ಬಿಡಿಸುತ್ತಾರೆ. ಕಡೆದ ಕಲ್ಲಿನ ಗೋಡೆ ಕಟ್ಟಿಸುವ ಖರ್ಚು ದೊಡ್ಡದು. ಇಟ್ಟಿಗೆ ಗೋಡೆಗೆ ಗಾರೆ ಮೆತ್ತಿ, ಲಕೋಟೆಯ ಆಕಾರದ ಗೆರೆ ಕೆರೆದರೆ ದೂರಕ್ಕೆ ಕಲ್ಲಿನ ಗೋಡೆಯಂತೆಯೇ ಕಾಣುತ್ತದೆ. ಬೆರಳಿನಿಂದ ಸವರಿದರೆ ನಾನೂರೈವತ್ತು ವರ್ಷದ ಹಿಂದೆ ಆ ಮೊನೆ ಹೋದ ತಗ್ಗು ತಿಳಿಯುತ್ತದೆ.

ಇಂಥ ಊರುಗಳು ಉಳಿದದ್ದು ಹೇಗೆ ಎಂದು ಯೋಚಿಸಿದಷ್ಟೂ ಒಂದು ಸಂಗತಿ ನನಗೆ ಸ್ಪಷ್ಟವಾಗುತ್ತದೆ. ಉಳಿಸಬೇಕೆಂಬ ಕಾಳಜಿಗಿಂತ ಕೆಡವಿ ಕಟ್ಟಲು ಹಣವಿಲ್ಲದ ಬಡತನ ಇವನ್ನು ಹೆಚ್ಚು ಕಾಪಾಡಿದೆ. ಟೆಲ್ಚ್‌ಗೆ ರೈಲು ಬಂದದ್ದೇ 1898ರಲ್ಲಿ. ದೊಡ್ಡ ಕಾರ್ಖಾನೆಗಳು ಅಷ್ಟರಲ್ಲಿ ಬೇರೆ ಊರು ನೋಡಿಕೊಂಡಿದ್ದವು. ಅದೇ ರೈಲುಮಾರ್ಗದ ಕೊನೆಯ ಊರು ಸ್ಲಾವೊನಿತ್ಸೆ, ಆಸ್ಟ್ರಿಯಾದ ಗಡಿಗೆ ಅಂಟಿಕೊಂಡಿದೆ. ಪ್ರಾಗ್ ಮತ್ತು ವಿಯೆನ್ನಾ ನಡುವಿನ ಹೆದ್ದಾರಿಯ ವ್ಯಾಪಾರದಿಂದ ಹದಿನಾರನೇ ಶತಮಾನದಲ್ಲಿ ಮೆರೆದಿತ್ತು. ಆಮೇಲೆ ದಾರಿ ಬೇರೆ ಕಡೆ ತಿರುಗಿತು, ಊರು ಸೊರಗಿತು. 1945ರಲ್ಲಿ ಆಸ್ಟ್ರಿಯಾದತ್ತ ಹೋಗುತ್ತಿದ್ದ ರೈಲು ನಿಂತಿತು. ಯುದ್ಧ ಮುಗಿದ ಮೇಲೆ ಅಲ್ಲಿದ್ದ ಜರ್ಮನ್ ಭಾಷಿಕರನ್ನು ಹೊರಗಟ್ಟಲಾಯಿತು. ನಂತರದ ನಾಲ್ಕು ದಶಕ ಕಮ್ಯುನಿಸ್ಟ್ ಸರ್ಕಾರದ ಮುಳ್ಳುತಂತಿಯ ಗಡಿ ಪಕ್ಕದಲ್ಲೇ ಇತ್ತು. ಬೈಬಲ್ಲಿನ ಕಥೆಗಳನ್ನು ಗೋಡೆಯ ತುಂಬ ಕೆರೆದ ಮನೆಗಳು ಹಾಗೇ ನಿಂತವು. ಟೆಲ್ಚ್ ನೋಡಿದವರಲ್ಲಿ ಹೆಚ್ಚಿನವರು ಇಲ್ಲಿಗೆ ಬರುವುದಿಲ್ಲ. ನನ್ನನ್ನು ಕೇಳಿದರೆ ಎರಡರಲ್ಲಿ ಸ್ಲಾವೊನಿತ್ಸೆಯೇ ಮೇಲು.

ಇನ್ನು ಓಡಾಟ. ಜೆಕ್ ದೇಶದ ವಿಸ್ತೀರ್ಣ ಸುಮಾರು 79,000 ಚದರ ಕಿಲೋಮೀಟರ್. ಕರ್ನಾಟಕದ ಐದರಲ್ಲಿ ಎರಡು ಪಾಲು. ಅಷ್ಟರೊಳಗೆ ಒಂಬತ್ತು ಸಾವಿರ ಕಿಲೋಮೀಟರಿಗೂ ಮಿಕ್ಕಿ ರೈಲುಮಾರ್ಗವಿದೆ. ಜಗತ್ತಿನ ಅತ್ಯಂತ ದಟ್ಟವಾದ ರೈಲುಜಾಲಗಳಲ್ಲಿ ಇದೂ ಒಂದು. ಐದು ಸಾವಿರ ಜನರ ಊರಿಗೂ ರೈಲು ಹೋಗುತ್ತದೆ ಎಂಬುದೇ ಬಡ ಪ್ರವಾಸಿಯ ಪಾಲಿನ ದೊಡ್ಡ ವರ. ಟೆಲ್ಚ್‌ಗೆ ಹೋಗಲು ಯಿಹ್ಲವಾ ಪಟ್ಟಣದ ಬಳಿಯ ಕೊಸ್ಟೆಲೆತ್ಸ್ ಎಂಬಲ್ಲಿ ಇಳಿದು ಸಣ್ಣ ಡೀಸೆಲ್ ಬಂಡಿ ಹಿಡಿಯಬೇಕು. ಇಂಥ ಮಾರ್ಗಗಳಲ್ಲಿ ಅನೇಕ ನಿಲ್ದಾಣಗಳು ಕೋರಿಕೆಯ ನಿಲ್ದಾಣಗಳು. ಬಾಗಿಲ ಬಳಿಯ ಗುಂಡಿ ಒತ್ತದಿದ್ದರೆ ಬಂಡಿ ನಿಲ್ಲುವುದೇ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕಾಯುವವರು ಚಾಲಕನ ಕಣ್ಣಿಗೆ ಬೀಳುವಂತೆ ನಿಲ್ಲಬೇಕು. ಟಿಕೆಟ್ ಕೌಂಟರ್ ಇಲ್ಲದ ನಿಲ್ದಾಣದಲ್ಲಿ ಹತ್ತಿದವರಿಗೆ ಕಂಡಕ್ಟರ್ ಬಂಡಿಯಲ್ಲೇ ಟಿಕೆಟ್ ಕೊಡುತ್ತಾರೆ.

ನೂರು ಕಿಲೋಮೀಟರಿನ ಪ್ರಯಾಣಕ್ಕೆ ಜೆಕ್ ನಾಣ್ಯವಾದ ಕೊರುನಾದಲ್ಲಿ 200ರ ಆಸುಪಾಸು, ಅಂದರೆ ಸುಮಾರು 800 ರೂಪಾಯಿ. ಸಾಧಾರಣ ಟಿಕೆಟ್ಟೇ ಇಷ್ಟು ಅಗ್ಗವಿರುವಾಗ ಇಡೀ ಯುರೋಪಿಗೆ ಅನ್ವಯಿಸುವ ದುಬಾರಿ ರೈಲ್ ಪಾಸ್ ಕೊಳ್ಳುವುದು ನಷ್ಟದ ಬಾಬ್ತು. ಪಾಸ್ ಕೊಂಡವರು ಅದರ ಹಣ ಹುಟ್ಟಿಸುವುದಕ್ಕಾಗಿಯೇ ದಿನವೂ ಓಡುತ್ತಾರೆ. ರೈಲು, ಬಸ್ಸು, ಟ್ರಾಮ್ ಎಲ್ಲದರ ವೇಳಾಪಟ್ಟಿ ಇಡೋಸ್ ಎಂಬ ಒಂದೇ ಆ್ಯಪ್‌ನಲ್ಲಿ ಸಿಗುತ್ತದೆ. ಭಾನುವಾರ ಹಳ್ಳಿ ಬಸ್ಸುಗಳು ವಿರಳ, ಅದನ್ನು ಮೊದಲೇ ನೋಡಿಕೊಳ್ಳಿ.

ಕನ್ನಡದ ಪ್ರವಾಸಿಗೆ ನಿಜವಾದ ಚಿಂತೆ ಊಟದ್ದು. ಇಲ್ಲಿ ವಾರದ ದಿನಗಳಲ್ಲಿ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಬಹುತೇಕ ಎಲ್ಲ ಊಟದ ಮನೆಗಳೂ ಮಧ್ಯಾಹ್ನದ ಮೆನು ಹಾಕುತ್ತವೆ. ಬಾಗಿಲ ಹೊರಗೆ ಒಂದು ಹಾಳೆ ಅಂಟಿಸಿರುತ್ತಾರೆ. ಒಂದು ಸೂಪು, ಕೆಳಗೆ ಒಂದು, ಎರಡು, ಮೂರು ಎಂದು ನಂಬರು ಹಾಕಿದ ಊಟಗಳು. ಹನ್ನೊಂದೂಕಾಲಿಗೆ ಪೇಂಟ್ ಮೆತ್ತಿದ ಬಟ್ಟೆಯ ಕೆಲಸಗಾರರು, ಅಂಚೆ ಕಚೇರಿಯವರು, ಕೈಯಲ್ಲಿ ಕೋಲು ಹಿಡಿದ ಅಜ್ಜಂದಿರು ಬಂದು ಕೂತಿರುತ್ತಾರೆ. ಜಾಗ ಖಾಲಿ ಇರುವ ಮೇಜಿಗೆ ಯಾರು ಬೇಕಾದರೂ ಕೇಳಿಕೊಂಡು ಕೂರಬಹುದು. ಒಂದು ಗಂಟೆಯ ಹೊತ್ತಿಗೆ ಮುಗಿದ ಊಟದ ಮೇಲೆ ಪೆನ್ನಿನಿಂದ ಗೆರೆ ಬೀಳುತ್ತದೆ. ಸೂಪು ಸೇರಿ 150ರಿಂದ 190 ಕೊರುನಾ. ಅದೇ ಊಟದ ಮನೆಯಲ್ಲಿ ಸಂಜೆ ಕೂತರೆ ಬಿಲ್ಲು ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ ಮಧ್ಯಾಹ್ನ ಹೊಟ್ಟೆತುಂಬ ಉಂಡು, ಸಂಜೆಗೆ ಅಂಗಡಿಯಿಂದ ಬ್ರೆಡ್ಡು, ಚೀಸು, ಮೊಸರು, ಹಣ್ಣು ತಂದುಕೊಳ್ಳುವುದು ಜಾಣತನ. ನಿಂತು ತಿನ್ನುವ, ತಟ್ಟೆ ಹಿಡಿದು ಸಾಲಿನಲ್ಲಿ ಹೋಗುವ ಯೀಡೆಲ್ನಾ ಎಂಬ ಕ್ಯಾಂಟೀನುಗಳು ಇನ್ನೂ ಅಗ್ಗ. ನಮ್ಮ ದರ್ಶಿನಿಗಳ ಗಡಿಬಿಡಿಯೇ ಅಲ್ಲೂ ಇದೆ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಚೀಸ್ ಮತ್ತು ಬೇಯಿಸಿದ ಆಲೂಗಡ್ಡೆ ಎಲ್ಲೆಲ್ಲೂ ಸಿಗುತ್ತದೆ. ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ದೋಸೆಯಂಥ ಬ್ರಾಂಬೊರಾಕ್ ನಾಲಗೆಗೆ ಹಿಡಿಸುತ್ತದೆ. ಮೂರನೇ ನಂಬರಿನ ಊಟ ಅನೇಕ ಸಲ ಸಿಹಿಯದೇ ಆಗಿರುತ್ತದೆ: ಒಳಗೆ ಏಪ್ರಿಕಾಟ್ ಅಥವಾ ಪ್ಲಮ್ ಇಟ್ಟ ಬೇಯಿಸಿದ ಕಡುಬು, ಮೇಲೆ ಬೆಣ್ಣೆ, ತುರಿದ ಚೀಸು. ಅದು ಊಟದ ನಂತರದ ಸಿಹಿಯಲ್ಲ, ಅದೇ ಊಟ. ಸೂಪಿನ ಬಗ್ಗೆ ಮಾತ್ರ ಎಚ್ಚರ ಬೇಕು, ತರಕಾರಿ ಸೂಪಿಗೂ ಮಾಂಸದ ಸಾರು ಬಳಸುವುದುಂಟು, ಕೇಳಿಯೇ ತೆಗೆದುಕೊಳ್ಳಿ. ಬೇಕರಿಯಲ್ಲಿ ಕೊಲಾಚ್ ಎಂಬ ದುಂಡನೆಯ ಬನ್ನಿನ ನಡುವೆ ಕಪ್ಪಗೆ ಹೊಳೆಯುವ ಹೂರಣ ಕಂಡರೆ ಅದು ಗಸಗಸೆಯದು. ಜೆಕ್ ದೇಶ ಜಗತ್ತಿನ ಪ್ರಮುಖ ಗಸಗಸೆ ಬೆಳೆಗಾರ. ಗಸಗಸೆ ಪಾಯಸ ಕುಡಿದು ಬೆಳೆದವರಿಗೆ ಮೊದಲ ತುತ್ತಿಗೇ ಪರಿಚಯ ಸಿಗುತ್ತದೆ. ಮನೆಯಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು; ಹಾಸ್ಟೆಲುಗಳಲ್ಲಿ ಅಡುಗೆಮನೆ ಇರುತ್ತದೆ. ಆದರೆ ಹೊರದೇಶದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ತುಪ್ಪ, ಧಾರವಾಡ ಪೇಡ ಎರಡೂ ಅದರಲ್ಲಿ ಬರುತ್ತವೆ. ಹಸಿ ಕರಿಬೇವು, ಮಾವಿನ ಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು.

ಟೆಲ್ಚ್ ಬಿಟ್ಟು ಪೂರ್ವಕ್ಕೆ ಬಂದರೆ ಟ್ರೆಬೀಚ್. ಇಲ್ಲಿನ ಯೆಹೂದಿ ಕೇರಿಯೂ ಗುಡ್ಡದ ಮೇಲಿನ ಹದಿಮೂರನೇ ಶತಮಾನದ ಚರ್ಚೂ 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನದಿಗೂ ಗುಡ್ಡಕ್ಕೂ ನಡುವೆ ಒತ್ತಿದ ಓಣಿಗಳು, ಒಂದರ ಮೇಲೊಂದು ಹತ್ತಿದ ಮನೆಗಳು. 1942ರಲ್ಲಿ ನಾಜಿಗಳು ಇಲ್ಲಿಂದ ಸಾಗಿಸಿದ 281 ಯೆಹೂದಿಗಳಲ್ಲಿ ತಿರುಗಿ ಬಂದವರು ಹತ್ತೇ ಮಂದಿ. ಕೇರಿ ಬಹುಪಾಲು ಉಳಿದಿದೆ, ಕಟ್ಟಿದವರ ವಂಶ ಉಳಿಯಲಿಲ್ಲ. ಈ ಓಣಿಗಳಲ್ಲಿ ಫೋಟೊಗಳಿಗಿಂತ ನಡಿಗೆ ಮುಖ್ಯವಾಗಲಿ.

ಕ್ರೊಮ್ಯೆರ್ಜೀಶ್ ಎಂಬ ಇನ್ನೊಂದು ಊರಿನ ಹೆಸರು ಹೇಳಲು ಕಷ್ಟ, ಮರೆಯುವುದು ಇನ್ನೂ ಕಷ್ಟ. ಮಿಲೋಶ್ ಫಾರ್ಮನ್ ತಮ್ಮ 'ಅಮೇಡಿಯಸ್' ಚಿತ್ರದ ಕೆಲವು ದೃಶ್ಯಗಳನ್ನು ಇಲ್ಲಿನ ಆರ್ಚ್‌ಬಿಷಪ್ಪರ ಅರಮನೆಯಲ್ಲಿ ತೆಗೆದರು. ನಾನು ಈ ಊರನ್ನು ಶಿಫಾರಸು ಮಾಡುವುದು ಬೇರೆ ಕಾರಣಕ್ಕೆ. ಅರಮನೆಯ ಚಿತ್ರಶಾಲೆಯಲ್ಲಿ ಟಿಷಿಯನ್ ಬರೆದ 'ಮಾರ್ಸಿಯಸ್‌ನ ಚರ್ಮ ಸುಲಿಯುವುದು' ಎಂಬ ಚಿತ್ರವಿದೆ. ದೇವರೊಡನೆ ಸಂಗೀತದ ಪಂದ್ಯ ಕಟ್ಟಿ ಸೋತವನನ್ನು ತಲೆಕೆಳಗಾಗಿ ಮರಕ್ಕೆ ಕಟ್ಟಿ ಸುಲಿಯುತ್ತಿದ್ದಾರೆ. ಪಕ್ಕದಲ್ಲಿ ಒಬ್ಬ ಪಿಟೀಲಿನಂಥ ವಾದ್ಯ ನುಡಿಸುತ್ತಿದ್ದಾನೆ, ಒಂದು ಸಣ್ಣ ನಾಯಿ ನೆಲಕ್ಕೆ ಬಿದ್ದ ರಕ್ತ ನೆಕ್ಕುತ್ತಿದೆ. ಟಿಷಿಯನ್ನನ ಕೊನೆಗಾಲದ ಈ ಕೃತಿಯನ್ನು 1673ರಲ್ಲಿ ಇಲ್ಲಿನ ಬಿಷಪ್ ಕೊಂಡುಕೊಂಡ. ಪ್ಯಾರಿಸ್ಸಿನಲ್ಲಿ ಇದ್ದಿದ್ದರೆ ಜನರ ತಲೆಗಳ ಮೇಲಿಂದ ಇಣುಕಬೇಕಿತ್ತು. ಇಲ್ಲಿ ಸುಮಾರು ಇಪ್ಪತ್ತೆಂಟು ಸಾವಿರ ಜನರ ಊರಿನಲ್ಲಿ, ಅದರ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು.

ಅಲ್ಲಿಂದ ಜ್ಲೀನ್ ಹತ್ತಿರ. ಅದು ಸುಂದರ ಊರಲ್ಲ, ಆದರೂ ಭಾರತೀಯರು ನೋಡಬೇಕಾದದ್ದು. ನಮ್ಮ ತಾಲ್ಲೂಕು ಪೇಟೆಗಳಲ್ಲೂ ಬೋರ್ಡು ಕಾಣುವ ಬಾಟಾ ಕಂಪನಿ 1894ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಕೆಂಪು ಇಟ್ಟಿಗೆ ಮತ್ತು ಕಾಂಕ್ರೀಟಿನಲ್ಲಿ ಕಾರ್ಖಾನೆ, ಕಾರ್ಮಿಕರ ಮನೆ, ಆಸ್ಪತ್ರೆ, ಸಿನಿಮಾ ಮಂದಿರ ಎಲ್ಲವನ್ನೂ ಒಂದೇ ಅಳತೆಗೋಲಿನಲ್ಲಿ ಕಟ್ಟಿದರು. ಕೋಲ್ಕತ್ತ ಬಳಿಯ ಬಾಟಾನಗರದ ಮೂಲ ನಕ್ಷೆ ಇಲ್ಲಿ ಕಾಣುತ್ತದೆ. 1938ರಲ್ಲಿ ಮುಗಿದ 21ನೇ ನಂಬರಿನ ಕಟ್ಟಡದಲ್ಲಿ ಯಜಮಾನನ ಕಚೇರಿಯನ್ನು ಲಿಫ್ಟಿನೊಳಗೇ ಮಾಡಿದ್ದಾರೆ. ಸುಮಾರು ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಕೋಣೆ, ಅದರಲ್ಲಿ ಮೇಜು, ಫೋನು, ನೀರು ಬರುವ ಕೈತೊಳೆಯುವ ತೊಟ್ಟಿ. ಯಜಮಾನ ಕುರ್ಚಿ ಬಿಟ್ಟೇಳದೆ ಯಾವ ಮಹಡಿಗೆ ಬೇಕಾದರೂ ಹೋಗಬಹುದಿತ್ತು. ಆ ಯಜಮಾನ ಯಾನ್ ಬಾಟಾ 1939ರಲ್ಲಿ ದೇಶ ಬಿಟ್ಟರು. ಈಗ ಆ ಕಟ್ಟಡ ಪ್ರಾಂತ್ಯದ ಸರ್ಕಾರಿ ಕಚೇರಿ.

ಹಣ ಖರ್ಚಿಲ್ಲದ ಇನ್ನೊಂದು ಸಂಪತ್ತು ಈ ದೇಶದ ಕಾಲುದಾರಿಗಳು. 1888ರಲ್ಲಿ ಸ್ಥಾಪನೆಯಾದ ಜೆಕ್ ಚಾರಣಿಗರ ಸಂಘ ಮರುವರ್ಷವೇ ಮೊದಲ ದಾರಿಗೆ ಗುರುತು ಹಾಕಿತು. ಇವತ್ತು ಹೀಗೆ ಬಣ್ಣ ಬಳಿದ ದಾರಿಗಳ ಉದ್ದ 40,000 ಕಿಲೋಮೀಟರಿಗೂ ಹೆಚ್ಚು. ಮರದ ಮೇಲೆ, ಕಂಬದ ಮೇಲೆ ಮೂರು ಪಟ್ಟೆಗಳು: ಮೇಲೆ ಕೆಳಗೆ ಬಿಳಿ, ನಡುವೆ ಕೆಂಪು, ನೀಲಿ, ಹಸಿರು ಅಥವಾ ಹಳದಿ. ಈ ಕೆಲಸ ಮಾಡುವವರು ಸ್ವಯಂಸೇವಕರು. ಬಹಳಷ್ಟು ದಾರಿಗಳು ರೈಲು ನಿಲ್ದಾಣದಿಂದಲೇ ಹೊರಡುತ್ತವೆ. ಟೆಲ್ಚ್‌ನಿಂದ ಕಾಡಿನೊಳಗಿನ ರೋಶ್‌ಟೆಯ್ನ್ ಕೋಟೆಗೆ ನಡೆದು ಹೋಗುವುದು ಅರ್ಧ ದಿನದ ಕೆಲಸ. ಜೂನಿನಲ್ಲಿ ಹೋದವರಿಗೆ ಈ ಸೀಮೆಯಲ್ಲಿ ಗಸಗಸೆ ಹೊಲಗಳು ಹೂ ಬಿಟ್ಟಿರುವುದೂ ಕಾಣುತ್ತದೆ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ನೀರು ಕೊಳ್ಳುವುದು ದಂಡ.

ಒಟ್ಟು ಲೆಕ್ಕ ಹೀಗಿದೆ. ಹಾಸ್ಟೆಲಿನ ಹಾಸಿಗೆಗೆ 400ರಿಂದ 600 ಕೊರುನಾ. ಇಬ್ಬರಿದ್ದರೆ ಪೆನ್ಸಿಯೊನ್‌ನ ಕೋಣೆ 1,200ರಿಂದ 1,800ಕ್ಕೆ ಸಿಗುತ್ತದೆ, ಅದೇ ಲೇಸು. ಓಲೊಮೌತ್ಸ್, ಬರ್ನೊಗಳಂಥ ವಿಶ್ವವಿದ್ಯಾಲಯದ ಊರುಗಳಲ್ಲಿ ಜುಲೈ, ಆಗಸ್ಟ್ ರಜೆಯಲ್ಲಿ ವಿದ್ಯಾರ್ಥಿ ನಿಲಯಗಳ ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾರೆ. ಹಾಸಿಗೆ, ಊಟ, ತಿಂಡಿ, ಒಂದು ರೈಲು, ಒಂದು ಅರಮನೆಯ ಟಿಕೆಟ್ಟು ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 1,200 ಕೊರುನಾ, ಅಂದರೆ ಐದು ಸಾವಿರ ರೂಪಾಯಿ ಆಸುಪಾಸು. ವಿಮಾನ, ವೀಸಾ ಬೇರೆ. ಎಟಿಎಂ ಅಥವಾ ಅಂಗಡಿಯ ಯಂತ್ರ ರೂಪಾಯಿಯಲ್ಲಿ ಲೆಕ್ಕ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ, ಕೊರುನಾದಲ್ಲೇ ತೆಗೆಯಿರಿ. ರೂಪಾಯಿ ಒಪ್ಪಿಕೊಂಡರೆ ವಿನಿಮಯದಲ್ಲಿ ಕಳೆದುಕೊಳ್ಳುವ ಹಣ ಒಂದು ಊಟದಷ್ಟಾಗಬಹುದು.

ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ಮೊರಾವಿಯಾಕ್ಕೆ ಹೋಗಲು ವಿಯೆನ್ನಾದಲ್ಲಿ ಇಳಿದರೂ ಅರ್ಜಿ ಜೆಕ್ ದೇಶದ್ದೇ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಸ್ವೀಕರಿಸುತ್ತಾರೆ. ಬೇಸಿಗೆಗೆ ಹೋಗುವವರು ಚಳಿಗಾಲದಲ್ಲೇ ಕಾಗದಪತ್ರ ಹೊಂದಿಸಿಕೊಳ್ಳುವುದು ಒಳ್ಳೆಯದು, ಕೊನೇ ಗಳಿಗೆಯಲ್ಲಿ ಅರ್ಜಿ ಸಲ್ಲಿಸಲು ದಿನಾಂಕ ಸಿಗುವುದು ಕಷ್ಟ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮಬದ್ಧವಾಗಿ ಹೋಗಿ ಬಂದ ಭಾರತೀಯರಿಗೆ ದೀರ್ಘ ಅವಧಿಯ ವೀಸಾ ಕೊಡುವ ಕ್ರಮವನ್ನು 2024ರ ಏಪ್ರಿಲ್‌ನಲ್ಲಿ ತಂದಿದ್ದಾರೆ. ಹಾಗಾಗಿ ಎಲ್ಲ ದೇಶವನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬೇಕೆಂಬ ಒತ್ತಡ ಮೊದಲಿನಷ್ಟು ಇಲ್ಲ.

ಮೇ, ಜೂನ್ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ. ಚಳಿಗಾಲದಲ್ಲಿ ಹೆಚ್ಚಿನ ಅರಮನೆಗಳು ಬಾಗಿಲು ಹಾಕಿರುತ್ತವೆ. ಉಳಿದ ಕಾಲದಲ್ಲೂ ಸೋಮವಾರ ರಜೆ. ಆ ಸೋಮವಾರವನ್ನು ಕಾಲುದಾರಿಗೆ ಇಟ್ಟುಕೊಳ್ಳಿ, ಟೆಲ್ಚ್‌ನಲ್ಲಿ ಕನಿಷ್ಠ ಎರಡು ರಾತ್ರಿ ಕಳೆಯಿರಿ, ಸ್ಲಾವೊನಿತ್ಸೆಯನ್ನು ಬಿಡಬೇಡಿ.